ಕೇಳಿ ನಡೆದವರ ಕಾಲುದಾರಿ

ಮೇವಿಸ್ ಥ್ರೆಲ್‌ಫಾಲ್‌ಗೆ ಇದ್ದದ್ದು ಒಂದೇ ದುರಭ್ಯಾಸ. ಅದು ಕುಡಿತವಲ್ಲ. ಮಿಠಾಯಿ ಅಂಗಡಿಯವನಿಗೆ ಸಿಹಿ ಸೇರದ ಹಾಗೆ, ಪಬ್ ನಡೆಸುವವಳಿಗೆ ಬಿಯರ್ ಎಂದರೆ ಮೂಗು ಮುರಿಯುವಷ್ಟು ಬೇಸರ. ಆಕೆಯ ದುರಭ್ಯಾಸ ಅಪ್ಪಣೆ ಕೇಳುವುದು. ತನ್ನದೇ ಪಬ್ಬಿನ ಕುರ್ಚಿಯಲ್ಲಿ ಅರೆಗಳಿಗೆ ಕೂರಬೇಕಾದರೂ ಪಕ್ಕದವರನ್ನು ಕೇಳಿಯೇ ಕೂರುತ್ತಿದ್ದಳು. ಖಾಲಿಯಾದ ಲೋಟ ತೆಗೆಯಲು ಕೇಳುತ್ತಿದ್ದಳು, ಕಿಟಕಿ ತೆರೆಯಲು ಕೇಳುತ್ತಿದ್ದಳು. ಯಾರ ಕಾಲನ್ನು ಯಾರೇ ತುಳಿದರೂ ಕ್ಷಮೆ ಕೇಳುವ ಕೆಲಸ ಮಾತ್ರ ಆಕೆಯದು. ಒಮ್ಮೆ ಕತ್ತಲಲ್ಲಿ ಬಾಗಿಲಿಗೆ ಹಣೆ ಬಡಿಸಿಕೊಂಡು ಬಾಗಿಲಿಗೇ ಕ್ಷಮೆ ಕೇಳಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಎಲ್ಲರನ್ನೂ ಕರೆಯುತ್ತಿದ್ದದ್ದು ‘ಚಿನ್ನ’ ಎಂದು. ಅಂಚೆಯವನೂ ಚಿನ್ನ, ಪಾದ್ರಿಯೂ ಚಿನ್ನ, ತೆರಿಗೆ ಕಚೇರಿಯಿಂದ ತಪಾಸಣೆಗೆ ಬಂದವನೂ ಚಿನ್ನ.

ಆಕೆಯ ಪಬ್ಬಿನ ಹೆಸರು ‘ಫ್ಲೀಸ್’, ಅಂದರೆ ಕುರಿಯ ತುಪ್ಪಟ. ನಮ್ಮ ಓಕನ್‌ಬಿಯಲ್ಲಿ ಮನೆಗಳು, ಚರ್ಚು, ತಗಡಿನ ಚಾವಣಿಯ ಸಭಾಮಂದಿರ ಎಲ್ಲ ಒಂದು ಕಡೆ ಗುಂಪಾಗಿ ಕುಳಿತಿವೆ. ಫ್ಲೀಸ್ ಮಾತ್ರ ಊರಿನ ಜೊತೆ ಜಗಳವಾಡಿ ಹೊರಟು ಬಂದವನಂತೆ ದೂರದ ಹೆದ್ದಾರಿಗೆ ಮುಖ ಮಾಡಿ ನಿಂತಿದೆ. ಅದರ ಮುಂಬಾಗಿಲು ನೇರ ರಸ್ತೆಗೆ ತೆರೆಯುತ್ತದೆ. ಅಲ್ಲಿ ನಡೆಯುವವರಿಗೆಂದು ಒಂದು ಗೇಣು ಜಾಗವೂ ಇಲ್ಲ, ತಿರುವು ಬೇರೆ, ಕಲ್ಲಿನ ಕ್ವಾರಿಯ ಲಾರಿಗಳು ಬೇರೆ. ಹಾಗಾಗಿ ಊರಿನವರೆಲ್ಲ ಪಬ್ಬಿಗೆ ಹೋಗುತ್ತಿದ್ದದ್ದು ಹಿತ್ತಲ ಗೇಟಿನಿಂದ. ಚರ್ಚಿನ ಓಣಿಯ ಕೊನೆಯಲ್ಲಿ ಬೇಲಿಯ ತಡಮೆ ದಾಟಿದರೆ ಏಮಸ್ ಗಾರ್ಸೈಡನ ಹುಲ್ಲುಗಾವಲು. ಅದರ ನಡುವೆ ಕೂದಲು ಬೈತಲೆ ತೆಗೆದಂತೆ ಒಂದು ಕಾಲುದಾರಿ. ಆ ತುದಿಗೆ ಮೇವಿಸ್ಸಳ ಗೇಟು. ಹೋಗುವಾಗ ಆ ದಾರಿ ಚಿಕ್ಕದು, ಬರುವಾಗ ಸ್ವಲ್ಪ ಉದ್ದ ಮತ್ತು ಸ್ವಲ್ಪ ಡೊಂಕು.

ಗಾರ್ಸೈಡ್ ಕಡಿಮೆ ಮಾತಿನ ರೈತ. ಕುರಿಗಳೊಡನೆ ಆಡಿ ಉಳಿದ ಮಾತನ್ನಷ್ಟೇ ಮನುಷ್ಯರಿಗೆ ಕೊಡುತ್ತಿದ್ದ. ಮೇವಿಸ್ ಮದುವೆಯಾಗಿ ಪಬ್ಬಿಗೆ ಬಂದ ಮೊದಲ ವರ್ಷವೇ, ಕ್ರಿಸ್‌ಮಸ್ಸಿನ ಹಿಂದಿನ ದಿನ, ಹಂದಿಮಾಂಸ ತುಂಬಿದ ಒಂದು ಪೈ ಮಾಡಿ ಬಟ್ಟೆಯಲ್ಲಿ ಸುತ್ತಿಕೊಂಡು ಅವನ ಮನೆ ಬಾಗಿಲಿಗೆ ಹೋದಳಂತೆ. ನಮ್ಮವರೆಲ್ಲ ನಿಮ್ಮ ಹೊಲದಲ್ಲಿ ಓಡಾಡುತ್ತಾರಲ್ಲ, ನಿಮ್ಮ ಅಭ್ಯಂತರವಿಲ್ಲ ತಾನೇ ಎಂದು ಕೇಳಿದಳಂತೆ. ಅದಕ್ಕೆ ಮೊದಲು ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಗಾರ್ಸೈಡ್‌ಗೂ ಹೊಳೆದಿರಲಿಲ್ಲ. ಅವನು ಪೈಯನ್ನು ನೋಡಿ, ಆಕೆಯನ್ನು ನೋಡಿ, "ಹೋಗ್ಲಿ ಬಿಡು, ಇನ್ನೊಂದು ವರ್ಷ ನಡೀರಿ" ಅಂದನಂತೆ. ಅಲ್ಲಿಂದ ಮೂವತ್ತಕ್ಕೂ ಹೆಚ್ಚು ವರ್ಷ, ಪ್ರತಿ ಕ್ರಿಸ್‌ಮಸ್ಸಿಗೂ ಅದೇ ಪದ್ಧತಿಯಾಯಿತು. ಗಂಡ ತೀರಿಕೊಂಡ ವರ್ಷವೂ ಪೈ ತಪ್ಪಲಿಲ್ಲ. ಊರಿನಲ್ಲಿ ಹಿರಿಯರು ಮಕ್ಕಳಿಗೆ ಮರ್ಯಾದೆ ಕಲಿಸುವಾಗ ಮೇವಿಸ್ಸಳನ್ನು ತೋರಿಸುತ್ತಿದ್ದರು.

ಇನ್ನು ನಮ್ಮ ಕೌನ್ಸಿಲ್‌ಗಳ ವಿಷಯ. ನಮ್ಮನ್ನು ಆಳಲು ಮೂರು ಕೌನ್ಸಿಲ್‌ಗಳಿವೆ. ಊರಿನದು ಸಣ್ಣದು, ಬೆಂಚು, ಬಸ್ಸಿನ ತಂಗುದಾಣ ಮತ್ತು ನಾಯಿಯ ಹೊಲಸು ಹಾಕುವ ಡಬ್ಬಿ, ಈ ಮೂರರ ಮೇಲೆ ಅದಕ್ಕೆ ಸರ್ವಾಧಿಕಾರ. ಪೇಟೆಯ ಕೌನ್ಸಿಲ್ ನಡುವಿನದು. ಪಬ್ಬಿನ ಲೈಸೆನ್ಸು ಅದರ ಕೈಯಲ್ಲಿ. ಜಿಲ್ಲೆಯದು ದೊಡ್ಡದು, ಕಾಲುದಾರಿಗಳು ಅದರ ಪಾಲು. ಸಣ್ಣದರ ಅಧ್ಯಕ್ಷ ಡೆಸ್ಮಂಡ್ ಓಲ್ಡ್‌ರಾಯ್ಡ್. ನಿವೃತ್ತನಾಗುವ ಮೊದಲು ಅಂಗಡಿಗಳ ತೂಕದ ಬಟ್ಟು ಪರೀಕ್ಷಿಸುವ ಅಧಿಕಾರಿಯಾಗಿದ್ದವನು. ಆಮೇಲೆ ಊರಿನ ತೂಕವನ್ನೆಲ್ಲ ತಾನೇ ಹೊತ್ತಿದ್ದೇನೆಂಬ ನಡಿಗೆ ಬಂದಿತ್ತು. ಅಧ್ಯಕ್ಷರಿಗೆಂದು ಯಾರೋ ಪುಣ್ಯಾತ್ಮರು ಎಂದೋ ಮಾಡಿಸಿಟ್ಟ ಕೊರಳ ಸರಪಳಿಯನ್ನು ಸಭೆಗೆ ಮಾತ್ರ ಹಾಕಬೇಕೆಂಬ ನಿಯಮವಿದೆ. ಡೆಸ್ಮಂಡ್ ಇದ್ದಲ್ಲೆಲ್ಲ ಸಭೆಯೇ ಆದ್ದರಿಂದ ನಿಯಮಭಂಗವೇನೂ ಆಗುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಫ್ಲೀಸಿನ ಎದುರು ಮನೆಗೆ ಪೆಟಿಗ್ರೂ ಎಂಬ ದಂಪತಿ ಬಂದರು. ಹಳ್ಳಿಯ ಮೌನವನ್ನು ಹುಡುಕಿಕೊಂಡು ಹೆದ್ದಾರಿಯ ತಿರುವಿನಲ್ಲಿ ಮನೆ ಕೊಂಡವರು. ದಿನವಿಡೀ ಕಲ್ಲು ಲಾರಿ ಗುಡುಗಿದರೂ ಅವರಿಗೆ ತೊಂದರೆಯಿಲ್ಲ. ಎಂದಾದರೊಮ್ಮೆ ಮುಂಬಾಗಿಲಿನಿಂದ ಹೊರಟ ಇಬ್ಬರು ಮೂವರು ಪರಸ್ಪರ ಶುಭರಾತ್ರಿ ಹೇಳಿದರೆ ನಿದ್ದೆ ಕೆಡುತ್ತಿತ್ತು. ನಮ್ಮ ಕಡೆ ಶುಭರಾತ್ರಿಗೆ ಅರ್ಧ ಗಂಟೆ ಹಿಡಿಯುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅವರು ಪೇಟೆಯ ಕೌನ್ಸಿಲ್‌ಗೆ ದೂರು ಕೊಟ್ಟರು. ಲೈಸೆನ್ಸ್ ಸಮಿತಿ ಕೂತು ಒಂದು ಷರತ್ತು ಹಾಕಿತು: ಒಂಬತ್ತು ಗಂಟೆಯ ಮೇಲೆ ಗಿರಾಕಿಗಳು ಮುಂಬಾಗಿಲಿನಿಂದ ಹೋಗಕೂಡದು, ಹಿತ್ತಲ ಗೇಟಿನಿಂದ, ಹೊಲದ ಕಾಲುದಾರಿಯಲ್ಲೇ ಹೋಗತಕ್ಕದ್ದು. ತಪ್ಪಿದರೆ ಲೈಸೆನ್ಸು ರದ್ದು. ನಾವು ಎಂದಿನಿಂದಲೂ ಹೋಗುತ್ತಿದ್ದದ್ದೇ ಹಾಗೆ. ನೀರಿನಲ್ಲಿರುವ ಮೀನಿಗೆ ಈಜಬೇಕೆಂದು ಆಜ್ಞೆ ಮಾಡಿದಂತಾಯಿತು. ಮೇವಿಸ್ ಸಮಿತಿಗೆ ಧನ್ಯವಾದ ಹೇಳಿ ಬಂದಳು. ಪೆಟಿಗ್ರೂ ದಂಪತಿಗೂ ಹೇಳಿದಳು.

ಗಾರ್ಸೈಡ್ ಒಂದು ಶರತ್ಕಾಲದಲ್ಲಿ, ಕುರಿಗಳನ್ನು ಎಣಿಸುತ್ತಿದ್ದವನು, ಎಣಿಕೆ ಮುಗಿಸದೆ ತೀರಿಕೊಂಡ. ಮಕ್ಕಳಿರಲಿಲ್ಲ. ಚಳಿಗಾಲ ಕಳೆಯುವುದರೊಳಗೆ ಹೊಲ ಪಿಯರ್ಸ್ ಲ್ಯಾಟಿಮರ್ ಎಂಬವನ ಪಾಲಾಯಿತು. ಲಂಡನ್ನಿನಲ್ಲಿ ಏನೋ ದೊಡ್ಡ ಉದ್ಯೋಗ ಬಿಟ್ಟು, ಮನಶ್ಶಾಂತಿಗಾಗಿ ಅಲ್ಪಾಕಾ ಸಾಕಲು ಬಂದವನು. ಅಲ್ಪಾಕಾ ಅಂದರೆ ಕುರಿ ಒಂಟೆಯಾಗಲು ಹೊರಟು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದಂತಿರುವ ಪ್ರಾಣಿ. ಬೆಲೆ ಜಾಸ್ತಿ, ಅಂಜುಬುರುಕುತನ ಇನ್ನೂ ಜಾಸ್ತಿ. ಏಪ್ರಿಲ್ ಒಂದರ ಬೆಳಗ್ಗೆ ತಡಮೆಗೆ ಹಲಗೆ ಬಡಿದು, ಮೇವಿಸ್ಸಳ ಹಿತ್ತಲಿನಾಚೆಗೆ ಹೊಸ ಬೇಲಿ ಎಬ್ಬಿಸಿ, ಅದರ ಗೇಟಿಗೆ ಬೀಗ ಹಾಕಲಾಯಿತು. ಅದು ಏಪ್ರಿಲ್ ಫೂಲ್ ಎಂದು ನಾವು ಮಧ್ಯಾಹ್ನದವರೆಗೆ ನಂಬಿದ್ದೆವು.

ಮೇವಿಸ್ ಮಾಡಿದ ಮೊದಲ ಕೆಲಸ ಏನೆಂದು ಹೇಳಬೇಕಿಲ್ಲ. ಅಕಾಲದಲ್ಲಿ ಪೈ ಮಾಡಿಕೊಂಡು ಲ್ಯಾಟಿಮರ್ ಮನೆಗೆ ಹೋದಳು. ಅವನು ಬಾಗಿಲಲ್ಲೇ ನಿಲ್ಲಿಸುವ ಜಾತಿಯವನಲ್ಲ. ಒಳಗೆ ಕರೆದು ಎಂಥದೋ ಸೊಪ್ಪಿನ ಚಹಾ ಕೊಟ್ಟ, ಒಂದೊಂದು ಅಲ್ಪಾಕಾದ ಹೆಸರನ್ನೂ ಸ್ವಭಾವವನ್ನೂ ಪರಿಚಯಿಸಿದ. ದಾರಿಯ ಮಾತು ಬಂದಾಗ ಅವನ ಮುಖ ನಿಜಕ್ಕೂ ಬಾಡಿತು. ತನಗೆ ವೈಯಕ್ತಿಕವಾಗಿ ಎಳ್ಳಷ್ಟೂ ಅಭ್ಯಂತರವಿಲ್ಲ, ವಿಮೆ ಕಂಪನಿಯವರು ಒಪ್ಪುವುದಿಲ್ಲ, ಕತ್ತಲಲ್ಲಿ ಅಪರಿಚಿತರನ್ನು ಕಂಡರೆ ಗರ್ಭ ಧರಿಸಿದ ಅಲ್ಪಾಕಾಗಳಿಗೆ ಆಘಾತವಾಗುತ್ತದೆ ಎಂದ. ತಾನು ಮಾಂಸ ಮುಟ್ಟುವುದಿಲ್ಲವೆಂದು ಪೈಯನ್ನು ಇನ್ನೂ ದುಃಖದಿಂದ ಹಿಂದಿರುಗಿಸಿದ. ಅದನ್ನು ತಿಂದವನು ವಿಲ್ಫ್ ಸಟ್‌ಕ್ಲಿಫ್, ನಮ್ಮ ನಿವೃತ್ತ ಪೋಸ್ಟ್‌ಮನ್. ಸಂಕಟದಲ್ಲಿರುವವರಿಗೆ ನೆರವಾಗುವ ಅವನ ಸ್ವಭಾವ ಹೊಸದಲ್ಲ.

ಈಗ ಲೆಕ್ಕ ಸರಳವಾಗಿತ್ತು. ಒಂಬತ್ತರ ಮೇಲೆ ಹಿಂದಿನಿಂದಲೇ ಹೋಗಬೇಕು. ಹಿಂದೆ ದಾರಿಯಿಲ್ಲ. ಆದ್ದರಿಂದ ಒಂಬತ್ತರ ಮೇಲೆ ಪಬ್ಬಿನಲ್ಲಿ ಯಾರೂ ಇರಕೂಡದು. ನಮ್ಮ ಕಡೆ ಬೇಸಿಗೆಯಲ್ಲಿ ಒಂಬತ್ತಕ್ಕೆ ಇನ್ನೂ ಬೆಳಕಿರುತ್ತದೆ. ರೈತರು ಕೆಲಸ ಮುಗಿಸಿ ಕೈ ತೊಳೆಯುವ ಹೊತ್ತು ಅದು. ಹೋಗುವುದಕ್ಕಾದರೂ ಹೆದ್ದಾರಿಯಲ್ಲೇ ಪ್ರಾಣ ಕೈಯಲ್ಲಿ ಹಿಡಿದು ನಡೆಯಬೇಕು. ವಿಲ್ಫ್ ಹೊಳೆಯುವ ಅಂಗಿ ತೊಟ್ಟು ಒಮ್ಮೆ ಪ್ರಯತ್ನಿಸಿ, ಲಾರಿಯ ಹಾರ್ನಿಗೆ ಹೆದರಿ ಚರಂಡಿಗೆ ಹಾರಿ, ಸೊಂಟದವರೆಗೆ ಕೆಸರಾಗಿ ಬಂದ. ಒಬ್ಬೊಬ್ಬರಾಗಿ ಮನೆಯಲ್ಲೇ ಕೂತರು. ಫ್ಲೀಸ್ ಮೇವಿಸ್ಸಳ ಸ್ವಂತದ್ದಲ್ಲ, ಬಿಯರ್ ಕಂಪನಿಯದು. ಆಕೆ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದುಕೊಂಡು ನಡೆಸುವ ಗುತ್ತಿಗೆದಾರಳು. ಕಂಪನಿಯಿಂದ ಬಂದ ಯುವಕನೊಬ್ಬ ಬಹಳ ನಯವಾಗಿ, ಒಂಬತ್ತಕ್ಕೆ ಮುಚ್ಚುವುದು ಪಬ್ ಅಲ್ಲ, ಚಹಾದಂಗಡಿ ಎಂದ. ಬರುವ ಮಾರ್ಚಿ‌ನೊಳಗೆ ಇದು ಸರಿಯಾಗದಿದ್ದರೆ ಗುತ್ತಿಗೆ ಮುಂದುವರಿಯುವುದಿಲ್ಲ. ಅಂದರೆ ಪಬ್ಬೂ ಹೋಯಿತು, ತಲೆಯ ಮೇಲಿನ ಸೂರೂ ಹೋಯಿತು.

ಮೇವಿಸ್ ಪೇಟೆಯ ಕೌನ್ಸಿಲ್‌ಗೆ ಷರತ್ತು ತೆಗೆಯಿರೆಂದು ಅರ್ಜಿ ಹಾಕಿದಳು. ಸಮಿತಿಯವರು ಖುದ್ದು ಬಂದರು, ಮಿನಿಬಸ್ಸಿನಲ್ಲಿ. ಹಿತ್ತಲ ಗೇಟನ್ನು ತೆರೆದು ಮುಚ್ಚಿ ನೋಡಿ, ಗೇಟು ಸುಸ್ಥಿತಿಯಲ್ಲಿದೆ ಎಂದು ಬರೆದುಕೊಂಡರು. ಅದರಾಚೆ ಇಬ್ಬರು ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲುವಷ್ಟು ಜಾಗ, ಆಮೇಲೆ ಲ್ಯಾಟಿಮರನ ಬೇಲಿ, ಬೀಗ, ಬೀಗದ ಹಿಂದೆ ಕುತ್ತಿಗೆ ಚಾಚಿ ನೋಡುತ್ತಿರುವ ಅಲ್ಪಾಕಾಗಳು. ಸಮಿತಿ ಅವುಗಳ ಫೋಟೋ ತೆಗೆದುಕೊಂಡಿತು. ಪೆಟಿಗ್ರೂ ದಂಪತಿ ಆಕ್ಷೇಪಿಸಿದರು. ತೀರ್ಮಾನ ಬಂತು: ಷರತ್ತು ನ್ಯಾಯವಾಗಿದೆ, ಮುಂದುವರಿಯುತ್ತದೆ, ಗೇಟಿನಾಚೆ ಏನಿದೆ ಏನಿಲ್ಲ ಎಂಬುದು ಲೈಸೆನ್ಸ್ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ, ಕಾಲುದಾರಿಗೆ ಜಿಲ್ಲಾ ಕೌನ್ಸಿಲನ್ನು ವಿಚಾರಿಸತಕ್ಕದ್ದು. ಜಿಲ್ಲಾ ಕೌನ್ಸಿಲ್ ಹೇಳಿತು: ಆ ದಾರಿ ನಮ್ಮ ನಕ್ಷೆಯಲ್ಲಿಲ್ಲ, ನಕ್ಷೆಯಲ್ಲಿಲ್ಲದ್ದು ಮುಚ್ಚಿದೆ ಎನ್ನಲು ಬರುವುದಿಲ್ಲ, ಲೈಸೆನ್ಸಿನ ತೊಂದರೆಗೆ ಪೇಟೆಯ ಕೌನ್ಸಿಲನ್ನು ವಿಚಾರಿಸಿ.

"ಸಮಿತಿಯವ್ರು ಹೇಳಿದ್ದು ಸರಿಯಾಗೇ ಇದೆ," ಎಂದ ವಿಲ್ಫ್. "ಒಂಬತ್ತಾದ ಮೇಲೆ ನಾವು ಗೇಟಿಂದ ಆಚೆ ಹೋಗಿ ಆ ಗೂಡಲ್ಲಿ ಬೆಳಗಾಗೋ ತನಕ ನಿಂತ್ಕೋಬಹುದು. ಡೆಸ್ಮಂಡ್ ಮಾತ್ರ ಬರ್ಕೂಡ್ದು, ಸರಪಳಿ ಹಿಡಿಸಲ್ಲ."

ಡೆಸ್ಮಂಡ್‌ಗೆ ಆ ಮಾತು ತಾಗಿತೋ ಏನೋ, ಅವನು ಕಾನೂನು ಪುಸ್ತಕಗಳನ್ನು ತರಿಸಿದ. ವಾರಗಟ್ಟಲೆ ಅವುಗಳ ಜೊತೆ ಕಾದಾಡಿ, ಒಂದು ಸಂಜೆ ಸಭಾಮಂದಿರದಲ್ಲಿ ನಮ್ಮನ್ನೆಲ್ಲ ಸೇರಿಸಿ ನಿಧಿ ಸಿಕ್ಕವನಂತೆ ಎದ್ದು ನಿಂತ. ಜನ ಒಂದು ದಾರಿಯಲ್ಲಿ, ಅದು ಮುಚ್ಚಿದ ದಿನದಿಂದ ಹಿಂದಕ್ಕೆ ಎಣಿಸಿದ ಇಪ್ಪತ್ತು ವರ್ಷ ಎಡೆಬಿಡದೆ ನಡೆದಿದ್ದರೆ ಅದು ಸಾರ್ವಜನಿಕ ದಾರಿಯೇ, ನಕ್ಷೆಗೆ ಸೇರಿಸಲೇಬೇಕು, ಬೀಗ ಹಾಕಿದವನೇ ತೆಗೆಯಬೇಕು. ಮೂರೇ ನಿಬಂಧನೆ. ಬಲವಂತದಿಂದ ನಡೆದಿರಬಾರದು, ಕದ್ದು ನಡೆದಿರಬಾರದು, ಒಡೆಯನ ಅಪ್ಪಣೆಯ ಮೇಲೆ ನಡೆದಿರಬಾರದು. ಅಪ್ಪಣೆಯ ಮೇಲೆ ನಡೆದರೆ ಅದು ಹಕ್ಕಲ್ಲ, ದಯೆ. ದಯೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು.

ಮೊದಲ ಎರಡಕ್ಕೆ ನಾವು ಚಪ್ಪಾಳೆ ತಟ್ಟಿದೆವು. ಮೂರನೆಯದಕ್ಕೂ ತಟ್ಟಿದೆವು, ತಟ್ಟಿದ ಮೇಲೆ ಕೆಲವರ ಕೈ ಗಾಳಿಯಲ್ಲೇ ನಿಂತಿತು. ಮೇವಿಸ್ ಆ ಸಂಜೆ ಬಂದಿರಲಿಲ್ಲ, ಪಬ್ಬಿನಲ್ಲಿದ್ದಳು. ವಿಲ್ಫ್ ಎದ್ದು, ಹಾಗಾದರೆ ಪೈಯ ಗತಿಯೇನು ಎಂದು ಕೇಳಿದ.

ಡೆಸ್ಮಂಡ್ ಕನ್ನಡಕ ತೆಗೆದ. "ಪೈ ಅನ್ನೋದು ಒಂದು ತಿಂಡಿ, ಮಿಸ್ಟರ್ ಸಟ್‌ಕ್ಲಿಫ್. ಅಪ್ಪಣೆ ಅಂದ್ರೆ ಸಹಿ ಬೇಕು, ಮೊಹರು ಬೇಕು. ಕಾನೂನಿನಲ್ಲಿ ತಿಂಡಿಗೆ ಸ್ಥಾನ ಇಲ್ಲ."

ಅಧ್ಯಕ್ಷರು ಅಷ್ಟು ಖಚಿತವಾಗಿ ಹೇಳಿದ ಮೇಲೆ ನಮಗೂ ನೆಮ್ಮದಿಯಾಯಿತು. ನಾವು ಬಯಸಿದ್ದೂ ಅದನ್ನೇ. ಎಪ್ಪತ್ತು ದಾಟಿದವರೆಲ್ಲ ತಾವು ಅಂಬೆಗಾಲಿಡುವಾಗಿನಿಂದ ಆ ದಾರಿಯಲ್ಲಿ ಪಬ್ಬಿಗೆ ಹೋಗುತ್ತಿದ್ದೆವೆಂದು ಬರೆದುಕೊಟ್ಟರು. ಜಿಲ್ಲಾ ಕೌನ್ಸಿಲ್ ಅರ್ಜಿ ಸ್ವೀಕರಿಸಿತು, ಲ್ಯಾಟಿಮರ್ ಒಲ್ಲದ ಮನಸ್ಸಿನಿಂದ ಆಕ್ಷೇಪಿಸಿದ, ವಿಚಾರಣೆ ಅಕ್ಟೋಬರಿನಲ್ಲಿ ನಮ್ಮ ಸಭಾಮಂದಿರದಲ್ಲೇ ಎಂದು ನಿಗದಿಯಾಯಿತು.

ವಿಚಾರಣೆಯ ಬೆಳಗ್ಗೆ ವಿಲ್ಫ್‌ಗೆ ಸಮಾಧಾನವಿರಲಿಲ್ಲ. ಮೇವಿಸ್ ಒಳ್ಳೆಯ ಕೋಟು ಹಾಕಿಕೊಂಡು, ಬರುವವರಿಗೆಲ್ಲ ಕೊಡಲು ಸ್ಯಾಂಡ್‌ವಿಚ್ ಕತ್ತರಿಸುತ್ತಿದ್ದಳು. ಅವನು ಪಕ್ಕಕ್ಕೆ ಹೋಗಿ ನಿಂತ.

"ಮೇವಿಸ್, ಅಲ್ಲಿ ಆ ಕ್ರಿಸ್‌ಮಸ್ ಪೈ ವಿಷ್ಯ ಎತ್ತಬೇಡ."

"ಯಾಕೆ ಚಿನ್ನ? ಈಚೆಗೆ ನೀನು ತಿಂದದ್ದು ಉಪ್ಪಾಗಿತ್ತಾ?"

"ಉಪ್ಪೇನೂ ಆಗಿರ್ಲಿಲ್ಲ. ಸುಮ್ನೆ. ಕೇಳಿದ್ದಕ್ಕೆ ಮಾತ್ರ ಉತ್ರ ಕೊಡು."

"ಕೇಳಿದ್ರೆ ಹೇಳ್ಬಹುದು ತಾನೇ?"

ಕಾರಣ ಬಿಡಿಸಿ ಹೇಳಬೇಕೆಂದರೆ ಸುಳ್ಳು ಹೇಳು ಎಂದು ಹೇಳಬೇಕು. ಐವತ್ತು ವರ್ಷ ಮನೆಮನೆಗೆ ಕೆಟ್ಟ ಸುದ್ದಿಗಳನ್ನು ತಲುಪಿಸಿದವನಿಗೂ ಈ ಒಂದು ಮಾತನ್ನು ಆಕೆಗೆ ತಲುಪಿಸಲಾಗಲಿಲ್ಲ. ವಿಲ್ಫ್ ಒಂದು ಸ್ಯಾಂಡ್‌ವಿಚ್ ತೆಗೆದುಕೊಂಡು ಹೊರಗೆ ಬಂದ.

ವಿಚಾರಣೆಗೆ ಮೇಲಿನಿಂದ ಬಂದ ಅಧಿಕಾರಿ ನೆಗಡಿಯಾದ ಸಜ್ಜನ. ಮೇವಿಸ್ ಅವನಿಗೆ ಶುಂಠಿ ಹಾಕಿದ ಬಿಸಿನೀರು ತಂದುಕೊಟ್ಟಳು. ಲ್ಯಾಟಿಮರ್ ಪರ ವಕೀಲೆ ಮಿಸ್ ಡೆಲಾಫೀಲ್ಡ್, ಬೆಣ್ಣೆಯಂಥ ಮಾತಿನ ಹೆಂಗಸು. ಡೆಸ್ಮಂಡ್ ಮೊದಲು ಸಾಕ್ಷಿ ಹೇಳಿದ. ತನ್ನ ಸೇವಾವಧಿಯಲ್ಲಿ ಹಿಡಿದ ಕಳ್ಳ ಬಟ್ಟುಗಳ ಚರಿತ್ರೆಯೂ ಅದರಲ್ಲಿ ಸೇರಿತು. ಅಧಿಕಾರಿ ಮೂರು ಸಲ ಸೀನಿ, ಮುಂದಿನವರನ್ನು ಕರೆದ. ಬೆಳಗಿನಿಂದ ಸಾಕ್ಷಿ ಹೇಳಿದವರನ್ನೆಲ್ಲ ವಕೀಲೆ ಒಂದೆರಡು ಪ್ರಶ್ನೆ ಕೇಳಿ ಬಿಟ್ಟಿದ್ದಳು. ನಮಗೆ ಧೈರ್ಯ ಬಂದಿತ್ತು. ಊಟದ ನಂತರ ಮೇವಿಸ್ ಎದ್ದಳು. ಕೂರಬಹುದೇ ಎಂದು ಅಧಿಕಾರಿಯನ್ನು ಕೇಳಿ ಕೂತಳು.

"ಈ ಊರಿನೋರು ತುಂಬ ಮರ್ಯಾದಸ್ಥರು ಅಂತ ಕೇಳಿದೀನಿ, ಮಿಸೆಸ್ ಥ್ರೆಲ್‌ಫಾಲ್," ಎಂದು ಮಿಸ್ ಡೆಲಾಫೀಲ್ಡ್ ಶುರು ಮಾಡಿದಳು. "ನೀವಂತೂ ಇನ್ನೂ ಹೆಚ್ಚು."

"ನಿಮ್ಮ ಒಳ್ಳೇತನ ಚಿನ್ನ. ನಮ್ಮಮ್ಮ ಕಲಿಸಿದ್ದು."

"ಬೇರೆಯವರ ಹೊಲ ದಾಟೋ ಮುಂಚೆ ಒಂದು ಮಾತು ಕೇಳೋದು ಒಳ್ಳೇ ಪದ್ಧತಿ, ಅಲ್ವಾ?"

"ಕೇಳದೆ ಹೇಗ್ ನಡೀತೀವಿ? ನಾವೇನು ಗೂಳಿಗಳಾ?"

ಹಿಂದಿನ ಸಾಲಿನಲ್ಲಿ ವಿಲ್ಫ್ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡ. ಡೆಸ್ಮಂಡ್ ತಕರಾರು ಎತ್ತಲು ಎದ್ದ. ಯಾವ ತಕರಾರೆಂದು ತೋಚದೆ ಕೂತ. ಮೇವಿಸ್ ಯಾರನ್ನೂ ನೋಡಲಿಲ್ಲ. ಎಂದೂ ಯಾರೂ ತನ್ನನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲವೆಂಬ ಸಂತೋಷದಲ್ಲಿ, ಮೊದಲ ವರ್ಷದಿಂದ ಹಿಡಿದು ಪೈಯ ಕಥೆಯನ್ನು ಹೇಳತೊಡಗಿದಳು. ಹಿಟ್ಟು ನಾದುವ ಕ್ರಮವನ್ನೂ ಹೇಳಿದಳು. ಗಾರ್ಸೈಡ್ ಏನನ್ನುತ್ತಿದ್ದ ಎಂದು ವಕೀಲೆ ಮೃದುವಾಗಿ ಕೇಳಿದಳು.

"ಹೋಗ್ಲಿ ಬಿಡು, ಇನ್ನೊಂದು ವರ್ಷ ನಡೀರಿ, ಅನ್ನೋರು. ಅಷ್ಟೇ ಮಾತು. ಪಾಪ, ಒಳ್ಳೇ ಮನುಷ್ಯ."

"ಇದು ಪ್ರತಿ ವರ್ಷವೂ?"

"ಪ್ರತಿ ವರ್ಷ. ಒಂದ್ಸಲ ಮಾತ್ರ ಹಿಮ ಜಾಸ್ತಿ ಬಿದ್ದು ಬಾಗ್ಲೇ ತೆಗಿಯೋಕಾಗ್ಲಿಲ್ಲ. ಆವತ್ತು ಫೋನ್ ಮಾಡಿ ಕೇಳ್ದೆ."

ನಮ್ಮ ಕೊನೆಯ ಆಸೆ ಯಾವುದಾದರೊಂದು ವರ್ಷ ತಪ್ಪಿರಬಹುದೆಂಬುದು. ಆ ಫೋನು ಅದನ್ನೂ ನುಂಗಿತು. ಮಿಸ್ ಡೆಲಾಫೀಲ್ಡ್ ಧನ್ಯವಾದ ಹೇಳಿ ಕೂತಳು. ಆಕೆಗೂ ಗೆದ್ದ ಖುಷಿ ಕಾಣಲಿಲ್ಲ; ತಲೆ ತಗ್ಗಿಸಿ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಳು. ಅಧಿಕಾರಿ ಸೀನುವುದನ್ನೂ ಮರೆತು ಬರೆದುಕೊಂಡ.

ಹೊರಗೆ ಬಂದಾಗ ಮೇವಿಸ್ಸಳ ಮುಖ ಅರಳಿತ್ತು. ಆ ಹುಡುಗಿ ಎಷ್ಟು ಸಂಭಾವಿತೆ, ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳಲ್ಲ ಎಂದಳು. ಹೇಗಾಯಿತು ಎಂದು ನಮ್ಮನ್ನು ಕೇಳಿದಳು. ನಾವು ಹತ್ತು ಹದಿನೈದು ಜನ ಸುತ್ತ ನಿಂತಿದ್ದೆವು. ಒಬ್ಬೊಬ್ಬರಿಗೂ ಬೂಟಿನ ದಾರ ಸರಿಮಾಡಿಕೊಳ್ಳುವ ಕೆಲಸ ಬಿತ್ತು.

"ಚೆನ್ನಾಗಿ ಮಾತಾಡ್ದೆ ಮೇವಿಸ್," ಎಂದ ವಿಲ್ಫ್.

ಆ ಚಳಿಗಾಲವೆಲ್ಲ ಆಕೆ ಮಾರ್ಚ್ ನಂತರದ ಮಾತಾಡುತ್ತಿದ್ದಳು. ದಾರಿ ತೆರೆದ ಮೇಲೆ ಹಿತ್ತಲಲ್ಲಿ ನಾಲ್ಕು ಮೇಜು ಹಾಕಿಸುವುದು, ಭಾನುವಾರದ ಊಟ ಮತ್ತೆ ಶುರು ಮಾಡುವುದು. ನಾವು ಹೂಂಗುಟ್ಟುತ್ತ, ಒಂಬತ್ತಕ್ಕೆ ಐದು ನಿಮಿಷವಿರುವಾಗ ಲೋಟ ಬರಿದು ಮಾಡಿ, ಹೆದ್ದಾರಿಯ ಅಂಚಿನಲ್ಲಿ ಸಾಲಾಗಿ ಇರುವೆಗಳಂತೆ ಮನೆಗೆ ಬರುತ್ತಿದ್ದೆವು. ಹೇಳುವವರು ಯಾರು ಎಂಬುದೊಂದೇ ನಮ್ಮ ನಡುವೆ ಚರ್ಚೆ. ಊರಿನ ಕೌನ್ಸಿಲ್ ಈ ವಿಷಯವನ್ನು ಎರಡು ಸಲ ಕಾರ್ಯಸೂಚಿಗೆ ಸೇರಿಸಿ ಎರಡು ಸಲ ಮುಂದೂಡಿತು.

ಫೆಬ್ರವರಿಯಲ್ಲಿ ತೀರ್ಪು ಬಂತು. ಡೆಸ್ಮಂಡ್ ಅದನ್ನು ಪಬ್ಬಿಗೆ ತಂದ. ಅಂದು ಅವನ ಕೊರಳಲ್ಲಿ ಸರಪಳಿ ಇರಲಿಲ್ಲ. ಮೊದಲ ಬಾರಿಗೆ ಅವನ ಕುತ್ತಿಗೆ ಎಷ್ಟು ತೆಳ್ಳಗಿದೆ ಎಂದು ಗೊತ್ತಾಯಿತು. ಅವನು ಗಂಟಲು ಸರಿಮಾಡಿಕೊಂಡು ಓದಿದ: ಮಿಸೆಸ್ ಥ್ರೆಲ್‌ಫಾಲ್ ಅತ್ಯಂತ ಪ್ರಾಮಾಣಿಕ ಸಾಕ್ಷಿ. ಅವರು ಊರಿನವರ ಪರವಾಗಿ ಪ್ರತಿ ವರ್ಷ ಅಪ್ಪಣೆ ಕೇಳಿದ್ದಾರೆ, ಒಡೆಯ ಪ್ರತಿ ವರ್ಷ ಕೊಟ್ಟಿದ್ದಾನೆ. ಆದ್ದರಿಂದ ಜನ ನಡೆದದ್ದು ಹಕ್ಕಿನಿಂದಲ್ಲ. ಅರ್ಜಿಯನ್ನು ತಿರಸ್ಕರಿಸಲಾಗಿದೆ.

ಮೇವಿಸ್ ಒಂದು ಲೋಟ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು.

"ಅಂದ್ರೆ, ನಾನು ಕೇಳದೇ ಇದ್ದಿದ್ರೆ ದಾರಿ ನಮ್ಮದಾಗ್ತಿತ್ತಾ?"

ಡೆಸ್ಮಂಡ್ ಹೌದೆಂದು ತಲೆಯಾಡಿಸಿದ.

"ಗೂಳಿ ಥರ ನುಗ್ಗಿದ್ರೆ?"

"ಕಾನೂನು ಹಾಗೇ ಇದೆ, ಮೇವಿಸ್."

"ಇದನ್ನ ಯಾವ ಮನೇಲಿ ಕಲಿಸ್ತಾರೆ, ಡೆಸ್ಮಂಡ್?"

ಆಕೆ ಯಾರನ್ನಾದರೂ ಹೆಸರು ಹಿಡಿದು ಕರೆದದ್ದನ್ನು ನಾವು ಅಂದೇ ಕೇಳಿದ್ದು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, ಊರಿಗೇ ತೊಂದರೆ ಮಾಡಿದೆನಲ್ಲ, ಕ್ಷಮಿಸಿ ಎಂದಳು. ಅದೊಂದನ್ನು ಆಕೆ ಹೇಳಬಾರದಿತ್ತು. ಬೈದಿದ್ದರೆ ಬೈಸಿಕೊಳ್ಳಲು ನಾವು ತಯಾರಾಗಿದ್ದೆವು.

ಲ್ಯಾಟಿಮರ್ ಕಲ್ಲೆದೆಯವನಲ್ಲ. ಗೆದ್ದ ಮೇಲೆ ಅವನಿಗೆ ನಿದ್ದೆ ಬರಲಿಲ್ಲವಂತೆ. ವಿಮೆಯವರನ್ನು ಕಾಡಿ ಬೇಡಿ, ಹಗಲು ಹೊತ್ತು, ಸಂಜೆ ಆರರವರೆಗೆ, ನಾಯಿಗಳಿಲ್ಲದೆ, ತನ್ನ ಅಪ್ಪಣೆಯ ಮೇಲೆ ಜನ ಓಡಾಡಬಹುದೆಂದು ಒಪ್ಪಿಸಿ ತಂದ. ಡೆಸ್ಮಂಡ್ ಅದನ್ನು ಹಿಡಿದು ಪೇಟೆಯ ಕೌನ್ಸಿಲ್‌ಗೆ ಓಡಿದ. ಅಲ್ಲಿನ ಗುಮಾಸ್ತೆ ಓದಿ, ಷರತ್ತು ಇರುವುದು ರಾತ್ರಿ ಒಂಬತ್ತರ ಮೇಲಿನದ್ದಕ್ಕೆ, ಅಪ್ಪಣೆ ಇರುವುದು ಹಗಲಿಗೆ, ಎರಡೂ ಎಲ್ಲಿಯೂ ಸಂಧಿಸುವುದಿಲ್ಲವಲ್ಲ ಎಂದಳು. ಆಕೆಯೂ ತುಂಬ ವಿಷಾದಿಸಿದಳಂತೆ. ಈ ಇಡೀ ವ್ಯವಹಾರದಲ್ಲಿ ವಿಷಾದಿಸದವರನ್ನು ನಾವು ಒಬ್ಬರನ್ನೂ ಕಾಣಲಿಲ್ಲ. ಬಿಯರ್ ಕಂಪನಿಯ ಯುವಕ ವಿಷಾದದ ಜೊತೆ ಒಂದು ಹೂಗುಚ್ಛವನ್ನೂ ತಂದಿದ್ದ. ಪೆಟಿಗ್ರೂ ದಂಪತಿ ಕಾರ್ಡು ಕಳಿಸಿದರು. ಊರಿನ ಕೌನ್ಸಿಲ್ ತೀವ್ರ ವಿಷಾದವನ್ನು ದಾಖಲಿಸುವ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ‘ತೀವ್ರ’ ಸಾಕೋ ‘ಅತೀವ’ ಬೇಕೋ ಎಂಬುದರ ಮೇಲೆ ಸ್ವಲ್ಪ ವಾದವಾಯಿತು, ಅಷ್ಟೇ.

ಮೇವಿಸ್ ಪೇಟೆಯಲ್ಲಿರುವ ನಾದಿನಿಯ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಮಾರ್ಚಿನ ಕೊನೆಯ ವಾರ ಸಾಮಾನು ಸಾಗಿಸುವ ವ್ಯಾನು ಬಂತು. ಅದು ಪಬ್ಬಿನ ಮುಂದೆ ನಿಲ್ಲುವಂತಿಲ್ಲ. ತಿರುವಿನಲ್ಲಿ ನಿಂತ ಐದು ನಿಮಿಷದಲ್ಲಿ ಹಿಂದೆ ಲಾರಿಗಳ ಸಾಲು ಬೆಳೆದು, ಪೊಲೀಸರು ಎಬ್ಬಿಸಿ ಕಳಿಸಿದರು. ವ್ಯಾನು ಸುತ್ತಿ ಬಂದು ಚರ್ಚಿನ ಓಣಿಯಲ್ಲಿ ನಿಂತಿತು. ಸಾಮಾನು ಆ ಕಡೆ, ವ್ಯಾನು ಈ ಕಡೆ, ನಡುವೆ ಹೊಲ. ಹಗಲಿನ ಅಪ್ಪಣೆಯಿಂದ ಪಬ್ಬಿಗೆ ಉಪಯೋಗವಿಲ್ಲವೆಂದು ಬೀಗ, ಹಲಗೆ ಹಾಗೇ ಇದ್ದವು. ಹೇಗೆ ಎಂದು ನಾವು ತಲೆ ಕೆರೆದುಕೊಳ್ಳುವಾಗ ಲ್ಯಾಟಿಮರ್ ತಾನೇ ಬಂದು ಬೀಗ ತೆಗೆದ, ತಡಮೆಯ ಹಲಗೆಗಳನ್ನು ಕಿತ್ತ, ಅಲ್ಪಾಕಾಗಳನ್ನು ಕೊಟ್ಟಿಗೆಗೆ ಅಟ್ಟಿ ಬಂದು, ಕೋಟು ಕಳಚಿ, ಬೀರುವಿನ ಒಂದು ತುದಿ ಹಿಡಿದ. ಇನ್ನೊಂದು ತುದಿ ವಿಲ್ಫ್ ಹಿಡಿದ.

ಅಂದು ಬೆಳಗ್ಗೆ ಊರಿಗೆ ಊರೇ ಆ ಕಾಲುದಾರಿಯಲ್ಲಿ ನಡೆಯಿತು. ಮಂಚದ ಕಾಲು, ಹಾಸಿಗೆ, ಹಂಡೆ, ಗಂಡನ ಫೋಟೋ, ಗೋಡೆ ಗಡಿಯಾರ. ಒಂದು ವರ್ಷ ಯಾರೂ ತುಳಿಯದೆ ದಾರಿಯ ಮೇಲೆ ಹುಲ್ಲು ಬಂದಿತ್ತು; ನಮ್ಮ ಓಡಾಟಕ್ಕೆ ಅದು ಮಲಗಿ ಹಳೆಯ ಗೆರೆ ಮತ್ತೆ ಮೂಡಿತು. ಡೆಸ್ಮಂಡ್ ಒಂದು ದೀಪದ ಗುಮ್ಮಟವನ್ನು ಎರಡೂ ಕೈಯಲ್ಲಿ ಹಿಡಿದು, ಮಂಡಿ ನೋವಿನಿಂದ ನಿಂತು ನಿಂತು ಹೋಗುತ್ತಿದ್ದ. ಪಬ್ಬಿಗೆ ಬೀಗ ಹಾಕಲು ಬಂದ ಕಂಪನಿಯ ಯುವಕನೂ ಸುಮ್ಮನಿರಲಾರದೆ ಎರಡು ಸ್ಟೂಲು ಎತ್ತಿಕೊಂಡ. ಹಗಲು ಹೊತ್ತಾದ್ದರಿಂದ, ನಾಯಿಗಳಿಲ್ಲವಾದ್ದರಿಂದ, ಅಪ್ಪಣೆ ಇದ್ದದ್ದರಿಂದ, ಎಲ್ಲವೂ ನಿಯಮದ ಒಳಗೇ ಇತ್ತು.

ಮೇವಿಸ್ ಕೊನೆಯಲ್ಲಿ ಬಂದಳು, ಕೈಯಲ್ಲಿ ಒಂದು ಕುಂಡ ಹಿಡಿದು. ತಡಮೆಯ ಹತ್ತಿರ ಲ್ಯಾಟಿಮರ್ ಸುತ್ತಿಗೆ ಮೊಳೆ ಹಿಡಿದು ನಿಂತಿದ್ದ. ಪಬ್ಬು ಮುಚ್ಚಿದ ಮೇಲೆ ಆ ಹಗಲಿನ ಅಪ್ಪಣೆಯೂ ಬೇಡವೆಂದಿದ್ದ ವಿಮೆಯವರು ಮಧ್ಯಾಹ್ನ ನೋಡಲು ಬರುವವರಿದ್ದರು, ಅಷ್ಟರೊಳಗೆ ಹಲಗೆ ಬಡಿಯಬೇಕಿತ್ತು.

"ಮಿಸೆಸ್ ಥ್ರೆಲ್‌ಫಾಲ್, ನನಗೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ," ಎಂದ.

"ನೀವೇನ್ ಮಾಡೋಕಾಗುತ್ತೆ," ಎಂದಳು ಮೇವಿಸ್. "ಮೊಳೆ ಹುಷಾರು, ಬೆರಳಿಗೆ ಹೊಡ್ಕೊಂಡೀರಿ."

ವ್ಯಾನು ಓಣಿಯಲ್ಲಿ ಹಿಂದಕ್ಕೆ ಮುಂದಕ್ಕೆ ಒದ್ದಾಡಿ ಹೊರಟಿತು. ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕುಂಡದ ಎಲೆಗಳು ಮಾತ್ರ ಕಾಣುತ್ತಿದ್ದವು. ನಮ್ಮ ಹಿಂದೆ ಮೊಳೆ ಹೊಡೆಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಹನ್ನೊಂದು ಗಂಟೆಯ ಹೊತ್ತು. ಭಾರ ಹೊತ್ತು ಎಲ್ಲರ ಬಾಯಿ ಒಣಗಿತ್ತು. ಇಂಥ ಕೆಲಸ ಮುಗಿದ ಮೇಲೆ ಹೋಗಿ ಕೂರುವ ಜಾಗ ನಮಗೆ ಒಂದೇ ಇದ್ದದ್ದು. ಯಾರೂ ಮೊದಲು ಹೊರಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ವಿಲ್ಫ್ ಟೋಪಿ ಹಾಕಿಕೊಂಡು ತನ್ನ ಮನೆಯ ಕಡೆ ನಡೆದ. ನಾವೂ ಒಬ್ಬೊಬ್ಬರೇ ನಮ್ಮ ನಮ್ಮ ಮನೆಯ ಕಡೆ ನಡೆದೆವು.